ದಾರಿ ಕಾಣಿಸಿದ ಮೇರಿ

ಮಕ್ಕಳೇ, ನೀವು ಮಳೆಗಾಲದಲ್ಲಿ ಬಸ್ಸಿನಲ್ಲಿ ಪ್ರಯಾಣ ಮಾಡಿದ್ದೀರಲ್ಲವೇ? ಚಾಲಕರ ಮುಂದೆ ಇರುವ ದೊಡ್ಡ ಗಾಜನ್ನು ನೋಡಿದ್ದೀರಾ? ಮಳೆ ಜೋರಾದಾಗ ಆ ಗಾಜಿನ ಮೇಲೆ ಒಂದು ಉದ್ದನೆಯ ಕಪ್ಪು ಕಡ್ಡಿ ಅತ್ತಿಂದಿತ್ತ ಆಡುತ್ತದೆ. ಅದು ಒಮ್ಮೆ ಹೋಗಿ ಬಂದರೆ ಸಾಕು, ಗಾಜಿನ ಮೇಲಿನ ನೀರು ಬದಿಗೆ ಸರಿದು ದಾರಿ ಕಾಣುತ್ತದೆ. ಆ ಕಡ್ಡಿಗೆ ವೈಪರ್ ಎಂದು ಹೆಸರು.

ವೈಪರ್ ಇಲ್ಲದಿದ್ದರೆ ಏನಾಗುತ್ತಿತ್ತು? ಚಾಲಕರಿಗೆ ಎದುರಿನ ವಾಹನ ಕಾಣುತ್ತಿರಲಿಲ್ಲ. ರಸ್ತೆ ದಾಟುವ ಜನ ಕಾಣುತ್ತಿರಲಿಲ್ಲ. ಹೊಂಡ, ತಿರುವು, ಸೇತುವೆ ಯಾವುದೂ ತಿಳಿಯುತ್ತಿರಲಿಲ್ಲ. ಅಷ್ಟು ಸಣ್ಣ ಸಾಧನದಿಂದ ಎಷ್ಟೊಂದು ಜೀವಗಳು ಉಳಿಯುತ್ತಿವೆ ನೋಡಿ!

ಇಂತಹ ಉಪಕಾರದ ಸಾಧನವನ್ನು ಯೋಚಿಸಿದವರು ದೊಡ್ಡ ಕಾರ್ಖಾನೆಯ ಯಂತ್ರತಜ್ಞರಲ್ಲ, ಗಾಡಿ ಓಡಿಸುವ ಚಾಲಕರೂ ಅಲ್ಲ. ಪರ ಊರಿಗೆ ಹೋಗಿ, ಗಾಡಿಯಲ್ಲಿ ಪ್ರಯಾಣಿಕರಾಗಿ ಕುಳಿತಿದ್ದ ಒಬ್ಬ ಮಹಿಳೆ. ಅವರ ಹೆಸರು ಮೇರಿ ಆಂಡರ್ಸನ್. ಅವರ ಜೀವನದ ಕತೆಯನ್ನು ಈಗ ಓದೋಣ.

ಬಾಲ್ಯ

ಅಮೆರಿಕ ದೇಶದ ದಕ್ಷಿಣ ಭಾಗದಲ್ಲಿ ಅಲಬಾಮ ಎಂಬ ರಾಜ್ಯವಿದೆ. ಅಲ್ಲಿನ ಗ್ರೀನ್ ಎಂಬ ಜಿಲ್ಲೆಯ ಒಂದು ದೊಡ್ಡ ತೋಟದ ಮನೆಯಲ್ಲಿ 1866ನೇ ಇಸವಿ ಫೆಬ್ರವರಿ 19ರಂದು ಮೇರಿ ಹುಟ್ಟಿದರು. ಆ ಭಾಗದ ದೊಡ್ಡ ತೋಟಗಳಲ್ಲಿ ಬಹಳ ಕಾಲ ಗುಲಾಮರನ್ನು ದುಡಿಸುತ್ತಿದ್ದರು. ಈ ವಿಷಯಕ್ಕಾಗಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ದೊಡ್ಡ ಯುದ್ಧವೇ ನಡೆಯಿತು. ಅದು 1865ರಲ್ಲಿ ಮುಗಿಯಿತು. ಗುಲಾಮಗಿರಿಯೂ ಕೊನೆಗೊಂಡಿತು. ಹಳೆಯದು ಹೋಗಿ ಹೊಸದು ಬರುತ್ತಿದ್ದ ಕಾಲ ಅದು.

ಮೇರಿಗೆ ನಾಲ್ಕು ವರ್ಷ ತುಂಬಿದಾಗ, 1870ರಲ್ಲಿ, ಅವರ ತಂದೆ ತೀರಿಕೊಂಡರು. ಮನೆಯಲ್ಲಿ ಉಳಿದವರು ತಾಯಿ, ಮೇರಿ ಮತ್ತು ಅವರ ಸಹೋದರಿ. ತಂದೆಯ ಆಸ್ತಿಯಿಂದ ಜೀವನ ಸಾಗುತ್ತಿತ್ತು. ಆದರೆ ಮನೆಯ ವ್ಯವಹಾರವನ್ನು ಹೆಂಗಸರೇ ನೋಡಿಕೊಳ್ಳಬೇಕಾಯಿತು. ಹೀಗೆ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವ ಧೈರ್ಯ ಮೇರಿಗೆ ಚಿಕ್ಕಂದಿನಿಂದಲೇ ಬಂದಿತು.

ಪಟ್ಟಣದ ಬದುಕು

1889ರಲ್ಲಿ ಮೇರಿ ತಮ್ಮ ತಾಯಿ ಮತ್ತು ಸಹೋದರಿಯೊಡನೆ ಬರ್ಮಿಂಗ್‌ಹ್ಯಾಮ್ ಎಂಬ ಪಟ್ಟಣಕ್ಕೆ ಬಂದರು. ಇಂಗ್ಲೆಂಡಿನಲ್ಲಿಯೂ ಇದೇ ಹೆಸರಿನ ನಗರವಿದೆ. ಆದರೆ ಇದು ಅಲಬಾಮದ ಬರ್ಮಿಂಗ್‌ಹ್ಯಾಮ್. 1871ರಲ್ಲಿ ಕಟ್ಟಿದ ಹೊಸ ಪಟ್ಟಣ. ಅದರ ಸುತ್ತಮುತ್ತ ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಮೂರೂ ಸಿಗುತ್ತಿದ್ದವು. ಹಾಗಾಗಿ ಅಲ್ಲಿ ಕಬ್ಬಿಣದ ಕಾರ್ಖಾನೆಗಳು ಒಂದರ ಹಿಂದೆ ಒಂದು ತಲೆಯೆತ್ತಿದವು. ಕೆಲಸ ಹುಡುಕಿಕೊಂಡು ಜನ ಬರತೊಡಗಿದರು. ಬಂದವರಿಗೆಲ್ಲ ಇರಲು ಮನೆ ಬೇಕಲ್ಲವೇ?

ಮೇರಿ ಅದನ್ನು ಗಮನಿಸಿದರು. ಹೈಲ್ಯಾಂಡ್ ಅವೆನ್ಯೂ ಎಂಬ ಬೀದಿಯಲ್ಲಿ ಫೇರ್‌ಮಾಂಟ್ ಎಂಬ ಹೆಸರಿನ ವಸತಿ ಕಟ್ಟಡವನ್ನು ಕಟ್ಟಿಸಿದರು. ಅದರಲ್ಲಿ ಬಾಡಿಗೆಗೆ ಮನೆಗಳಿದ್ದವು.

1893ರಲ್ಲಿ ಮೇರಿ ದೇಶದ ಇನ್ನೊಂದು ತುದಿಗೆ ಹೋದರು. ಅದು ಪಶ್ಚಿಮದಲ್ಲಿರುವ ಕ್ಯಾಲಿಫೋರ್ನಿಯ ರಾಜ್ಯ. ಅಲ್ಲಿಯ ಫ್ರೆಸ್ನೊ ಎಂಬ ಊರಿನಲ್ಲಿ ಅವರು ದನಗಳನ್ನು ಸಾಕಿದರು, ದ್ರಾಕ್ಷಿ ತೋಟ ನೋಡಿಕೊಂಡರು. ಐದು ವರ್ಷಗಳ ನಂತರ, 1898ರಲ್ಲಿ, ಬರ್ಮಿಂಗ್‌ಹ್ಯಾಮಿಗೆ ಮರಳಿದರು. ಕಾಯಿಲೆ ಬಿದ್ದಿದ್ದ ಸಂಬಂಧಿಯೊಬ್ಬರ ಆರೈಕೆಗೆ ಅವರು ಬೇಕಾಗಿದ್ದರು.

ನೆನಪಿಡಿ, ಆಗ ಅಲಬಾಮದಲ್ಲಿ ಮಹಿಳೆಯರಿಗೆ ಮತ ಹಾಕುವ ಹಕ್ಕೂ ಇರಲಿಲ್ಲ. ವ್ಯಾಪಾರ, ಯಂತ್ರ, ಕಾರ್ಖಾನೆ ಇವೆಲ್ಲ ಗಂಡಸರ ಕೆಲಸ ಎಂದು ಹೆಚ್ಚಿನವರು ನಂಬಿದ್ದರು. ಅಂತಹ ದಿನಗಳಲ್ಲಿ ಮೇರಿ ಕಟ್ಟಡ ಕಟ್ಟಿಸಿದ್ದರು, ತೋಟ ನಡೆಸಿದ್ದರು.

ಟ್ರಾಮಿನಲ್ಲಿ ಕಂಡ ಕಷ್ಟ

1903ನೇ ಇಸವಿಯ ಹೊತ್ತಿಗೆ, ಒಂದು ಚಳಿಗಾಲದಲ್ಲಿ, ಮೇರಿ ನ್ಯೂಯಾರ್ಕ್ ನಗರವನ್ನು ನೋಡಲು ಹೋದರು. ನ್ಯೂಯಾರ್ಕ್ ಅಮೆರಿಕದ ಉತ್ತರ ಭಾಗದಲ್ಲಿದೆ. ಅಲಬಾಮದಲ್ಲಿ ಹಿಮ ಬೀಳುವುದು ಅಪರೂಪ. ನ್ಯೂಯಾರ್ಕಿನಲ್ಲಾದರೋ ಚಳಿಗಾಲದಲ್ಲಿ ಬೀದಿಯೆಲ್ಲ ಬಿಳಿಯಾಗುತ್ತದೆ.

ಆ ನಗರದ ಬೀದಿಗಳಲ್ಲಿ ಟ್ರಾಮ್ ಗಾಡಿಗಳು ಓಡುತ್ತಿದ್ದವು. ಟ್ರಾಮ್ ಎಂದರೆ ಬೀದಿಯಲ್ಲೇ ಹಾಕಿದ ಹಳಿಗಳ ಮೇಲೆ ವಿದ್ಯುತ್ತಿನಿಂದ ಓಡುವ ಗಾಡಿ. ನಮ್ಮ ದೇಶದ ಕೋಲ್ಕತ್ತದಲ್ಲಿಯೂ 1902ರಲ್ಲಿ ವಿದ್ಯುತ್ ಟ್ರಾಮ್ ಓಡತೊಡಗಿತು. ಮೇರಿ ಅಂಥ ಒಂದು ಟ್ರಾಮಿನಲ್ಲಿ ಕುಳಿತಿದ್ದರು. ಹೊರಗೆ ಹಿಮ ಬೆರೆತ ಮಳೆ ಸುರಿಯುತ್ತಿತ್ತು.

ಈ ಹಿಮ ಬೆರೆತ ಮಳೆ ನಮ್ಮ ಮಳೆಯ ಹಾಗಲ್ಲ. ನಮ್ಮ ಮಳೆ ಗಾಜಿನ ಮೇಲೆ ಬಿದ್ದು ಕೆಳಗೆ ಹರಿದು ಹೋಗುತ್ತದೆ. ಹಿಮ ಬೆರೆತ ಮಳೆ ಹಾಗೆ ಹರಿದು ಹೋಗುವುದಿಲ್ಲ. ಗಾಜು ಬಹಳ ತಣ್ಣಗಾಗಿದ್ದರೆ ಬಿದ್ದ ನೀರು ಅಲ್ಲಿಯೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು ಪದರ. ನೋಡುನೋಡುತ್ತಿದ್ದಂತೆ ಗಾಜು ಬಿಳಿಯ ಗೋಡೆಯಂತಾಗುತ್ತದೆ. ಬಟ್ಟೆಯಿಂದ ಒರೆಸಿದರೂ ಎರಡು ನಿಮಿಷದಲ್ಲಿ ಮತ್ತೆ ಮೊದಲಿನಂತೆಯೇ.

ಆ ಟ್ರಾಮಿನ ಮುಂಭಾಗದಲ್ಲಿ ಎರಡು ಗಾಜುಗಳ ಕಿಟಕಿ ಇತ್ತು. ಗಾಜಿನಲ್ಲಿ ಏನೂ ಕಾಣದಾಗ ಚಾಲಕ ಕಿಟಕಿಯನ್ನು ತೆರೆಯಬೇಕಿತ್ತು. ತೆರೆದರೆ ದಾರಿಯೇನೋ ಕಾಣುತ್ತಿತ್ತು. ಆದರೆ ಕೊರೆಯುವ ಗಾಳಿ, ಹಿಮದ ಚೂರು, ನೀರು ಎಲ್ಲವೂ ನೇರವಾಗಿ ಚಾಲಕನ ಮುಖಕ್ಕೆ ಹೊಡೆಯುತ್ತಿದ್ದವು. ಕಿಟಕಿ ಮುಚ್ಚಿದರೆ ದಾರಿ ಕಾಣದು, ತೆರೆದರೆ ಚಳಿ ತಡೆಯಲಾಗದು! ಕಿಟಕಿ ತೆರೆದಿದ್ದರೆ ಒಳಗೆ ಕುಳಿತವರೂ ಚಳಿಗೆ ನಡುಗಬೇಕಾಗಿತ್ತು.

ನ್ಯೂಯಾರ್ಕಿನ ಜನ ಇದನ್ನು ಪ್ರತಿ ಚಳಿಗಾಲದಲ್ಲಿಯೂ ನೋಡುತ್ತಿದ್ದರು. ಚಾಲಕರಿಗೂ ಅದು ಅಭ್ಯಾಸವಾಗಿ ಹೋಗಿತ್ತು. ಆದರೆ ಹೊಸದಾಗಿ ಬಂದ ಮೇರಿಗೆ ಅದು ಸರಿಪಡಿಸಬಹುದಾದ ಕಷ್ಟವಾಗಿ ಕಂಡಿತು.

ಮೇರಿ ಮಾಡಿದ ಸಾಧನ

ಮಕ್ಕಳೇ, ನೀವೇ ಸ್ವಲ್ಪ ಯೋಚಿಸಿ. ಈ ಕಷ್ಟಕ್ಕೆ ನೀವಾದರೆ ಏನು ಮಾಡುತ್ತಿದ್ದಿರಿ?

ಹಿಮ ಬೀಳುವುದು ಗಾಜಿನ ಹೊರಗೆ. ಚಾಲಕ ಇರುವುದು ಗಾಜಿನ ಒಳಗೆ. ಅವನು ಗಾಡಿ ನಿಲ್ಲಿಸಬಾರದು, ಕೆಳಗೆ ಇಳಿಯಬಾರದು, ಕಿಟಕಿಯನ್ನೂ ತೆರೆಯಬಾರದು. ಹಾಗಿದ್ದರೂ ಹೊರಗಿನ ಹಿಮವನ್ನು ಮತ್ತೆ ಮತ್ತೆ ಒರೆಸಬೇಕು. ಇದು ಒಗಟಿನಂತಿದೆಯಲ್ಲವೇ?

ಮೇರಿ ಈ ಒಗಟನ್ನು ಬಿಡಿಸಿದರು. ಊರಿಗೆ ಮರಳಿದ ಮೇಲೆ ಅವರು ತಮ್ಮ ಸಾಧನದ ಚಿತ್ರವನ್ನು ಸಿದ್ಧಪಡಿಸಿದರು. ಚಿತ್ರಕ್ಕೆ ತಕ್ಕಂತೆ ಅಲ್ಲಿಯ ಒಂದು ಕಂಪನಿಯಿಂದ ಮಾದರಿಯನ್ನು ಮಾಡಿಸಿದರು.

ಆ ಸಾಧನ ಹೀಗಿತ್ತು. ಗಾಜಿನ ಹೊರಗೆ ಒಂದು ತೋಳು. ಆ ತೋಳಿಗೆ ರಬ್ಬರಿನ ಪಟ್ಟಿ. ಗಾಡಿಯ ಒಳಗೆ, ಚಾಲಕನ ಕೈಗೆ ಸಿಗುವಂತೆ, ಒಂದು ಹಿಡಿ. ಹಿಡಿಯನ್ನೂ ತೋಳನ್ನೂ ಒಂದು ಸರಳು ಜೋಡಿಸುತ್ತಿತ್ತು. ಚಾಲಕ ಒಳಗೆ ಕುಳಿತು ಹಿಡಿಯನ್ನು ತಿರುಗಿಸಿದರೆ ಹೊರಗೆ ತೋಳು ಗಾಜಿನ ಮೇಲೆ ಬೀಸಣಿಗೆಯ ಆಕಾರದಲ್ಲಿ ಆಡುತ್ತಿತ್ತು. ರಬ್ಬರಿನ ಪಟ್ಟಿ ಹಿಮವನ್ನೂ ನೀರನ್ನೂ ಬದಿಗೆ ತಳ್ಳುತ್ತಿತ್ತು.

ಪಟ್ಟಿ ಗಾಜಿಗೆ ಸರಿಯಾಗಿ ತಾಗದಿದ್ದರೆ ಒರೆಸಿದರೂ ಪ್ರಯೋಜನವಿಲ್ಲ. ನೀವು ತರಗತಿಯ ಕಪ್ಪು ಹಲಗೆಯನ್ನು ಒರೆಸುವಾಗ ಡಸ್ಟರನ್ನು ಸ್ವಲ್ಪ ಒತ್ತಿ ಹಿಡಿಯುತ್ತೀರಿ. ಒತ್ತದಿದ್ದರೆ ಅಕ್ಷರಗಳು ಹಾಗೆಯೇ ಉಳಿಯುತ್ತವೆ. ಮೇರಿಯ ಸಾಧನದಲ್ಲಿ ಈ ಒತ್ತುವ ಕೆಲಸಕ್ಕೆ ಸ್ಪ್ರಿಂಗ್ ಇತ್ತು. ಪಟ್ಟಿ ಎಲ್ಲ ಕಡೆಯೂ ಸಮನಾಗಿ ಗಾಜಿಗೆ ಒತ್ತಿಕೊಂಡಿರುವಂತೆ ಅದು ನೋಡಿಕೊಳ್ಳುತ್ತಿತ್ತು.

ಮತ್ತೊಂದು ಸಂಗತಿಯನ್ನೂ ಮೇರಿ ಯೋಚಿಸಿದ್ದರು. ಬೇಸಗೆಯಲ್ಲಿ ಈ ಸಾಧನ ಬೇಕಾಗುವುದಿಲ್ಲ. ಆಗ ಅದನ್ನು ಬಿಚ್ಚಿ ತೆಗೆದಿಡಬಹುದಾಗಿತ್ತು. ಗಾಡಿಯ ಅಂದವೂ ಕೆಡುತ್ತಿರಲಿಲ್ಲ.

ಪೇಟೆಂಟ್

ಹೊಸ ವಸ್ತುವೊಂದನ್ನು ಕಂಡುಹಿಡಿದವರು ಸರಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅದು ನಿಜವಾಗಿಯೂ ಹೊಸದು ಎಂದು ಕಂಡುಬಂದರೆ ಸರಕಾರವು ಅವರಿಗೆ ಒಂದು ಹಕ್ಕುಪತ್ರ ಕೊಡುತ್ತದೆ. ಇದನ್ನು ಪೇಟೆಂಟ್ ಎನ್ನುತ್ತಾರೆ. ಪೇಟೆಂಟ್ ಇರುವಷ್ಟು ವರ್ಷ ಬೇರೆಯವರು ಕೇಳದೆ ಆ ವಸ್ತುವನ್ನು ಮಾಡಿ ಮಾರುವಂತಿಲ್ಲ. ಅವಧಿ ಮುಗಿದ ಮೇಲೆ ಅದು ಎಲ್ಲರ ಸ್ವತ್ತು. ಆಗ ಯಾರು ಬೇಕಾದರೂ ಮಾಡಬಹುದು.

ಮೇರಿ 1903ರ ಜೂನ್ 18ರಂದು ಅರ್ಜಿ ಸಲ್ಲಿಸಿದರು. ಆಗ ಅವರಿಗೆ 37 ವರ್ಷ. ಅದೇ ವರ್ಷ ನವೆಂಬರ್ 10ರಂದು ಅವರಿಗೆ ಪೇಟೆಂಟ್ ಸಿಕ್ಕಿತು. ಅದರ ಸಂಖ್ಯೆ 7,43,801. ಅವಧಿ 17 ವರ್ಷ. ಗಾಜು ಒರೆಸುವ ಸಾಧನದ ಬಗ್ಗೆ ಆ ಕಾಲದಲ್ಲಿ ಬೇರೆ ಕೆಲವರೂ ಯೋಚಿಸಿದ್ದರು. ಆದರೆ ಚೆನ್ನಾಗಿ ಕೆಲಸ ಮಾಡಿದ ಮೊದಲ ವೈಪರ್ ಎಂದು ಹೆಸರು ಪಡೆದದ್ದು ಮೇರಿಯ ಸಾಧನ.

ಯಾರಿಗೂ ಬೇಡವಾಯಿತು

ಪೇಟೆಂಟ್ ಸಿಕ್ಕಿದ ಮೇಲೆ ಜನ ಮುಗಿಬಿದ್ದು ಕೊಂಡರು ಎಂದು ನೀವು ಭಾವಿಸಬಹುದು. ಹಾಗಾಗಲಿಲ್ಲ.

1905ರಲ್ಲಿ ಮೇರಿ ತಮ್ಮ ಹಕ್ಕನ್ನು ಮಾರಲು ಪ್ರಯತ್ನಿಸಿದರು. ನೆರೆಯ ದೇಶ ಕೆನಡದ ಒಂದು ವ್ಯಾಪಾರ ಸಂಸ್ಥೆಗೆ ಪತ್ರ ಬರೆದರು. ಈ ಸಾಧನಕ್ಕೆ ಮಾರುಕಟ್ಟೆಯಲ್ಲಿ ಅಷ್ಟೇನೂ ಬೆಲೆಯಿಲ್ಲ ಎಂದು ಆ ಸಂಸ್ಥೆ ಅದನ್ನು ತಿರಸ್ಕರಿಸಿತು. ಕಣ್ಣೆದುರಿಗೆ ಕಡ್ಡಿಯೊಂದು ಆಡುತ್ತಿದ್ದರೆ ಚಾಲಕರ ಗಮನ ಚದುರೀತು ಎಂದು ಆಗ ಕೆಲವರು ಆಕ್ಷೇಪಿಸಿದರೆಂದೂ ಹೇಳುತ್ತಾರೆ. ಹಿಮ ಮೆತ್ತಿದ ಗಾಜಿನಿಂದ ಏನೂ ಕಾಣದಿರುವುದಕ್ಕಿಂತ ಅದು ದೊಡ್ಡ ಅಪಾಯವೇ? ನೀವೇ ಹೇಳಿ.

ಜನರಿಗೆ ಅದು ಬೇಡವಾದುದಕ್ಕೆ ಇನ್ನೊಂದು ಕಾರಣವೂ ಇತ್ತು. ಆಗ ರಸ್ತೆಗಳಲ್ಲಿ ಕಾರುಗಳು ಬಹಳ ಕಡಿಮೆ. ಇದ್ದ ಕಾರುಗಳಲ್ಲಿಯೂ ಹಲವಕ್ಕೆ ಮುಂದಿನ ಗಾಜು ಇರಲಿಲ್ಲ. ಧೂಳು ತಡೆಯಲು ಚಾಲಕರು ದಪ್ಪ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಗಾಜೇ ಇಲ್ಲದ ಮೇಲೆ ಗಾಜು ಒರೆಸುವ ಸಾಧನ ಯಾರಿಗೆ ಬೇಕು?

ಕಾಲ ಬದಲಾಯಿತು. ಫೋರ್ಡ್ ಕಂಪನಿ 1908ರಲ್ಲಿ ಮಾಡೆಲ್ ಟಿ ಎಂಬ ಕಾರನ್ನು ಹೊರತಂದಿತು. ಕಾರಿನ ಬೆಲೆ ಇಳಿಯುತ್ತಾ ಬಂತು. ಸಾಮಾನ್ಯ ಜನರೂ ಕಾರು ಕೊಂಡರು. ಕಾರುಗಳ ವೇಗ ಹೆಚ್ಚಿತು. ಮುಂದಿನ ಗಾಜು ಎಲ್ಲ ಕಾರಿಗೂ ಬೇಕಾಯಿತು. ಗಾಜು ಬಂದ ಮೇಲೆ ಮಳೆ, ಕೆಸರು, ಹಿಮದ ಕಷ್ಟವೂ ಬಂತು.

ಆದರೆ ಅಷ್ಟರಲ್ಲಿ ಮೇರಿಯ ಪೇಟೆಂಟಿನ ಅವಧಿ ಮುಗಿಯುತ್ತಾ ಬಂದಿತ್ತು. 1920ರಲ್ಲಿ ಅದು ಮುಗಿದೇಹೋಯಿತು. ಅದೇ 1920ರಲ್ಲಿ ಮಹಿಳೆಯರ ಮತದಾನದ ಹಕ್ಕು ಅಮೆರಿಕದ ಸಂವಿಧಾನದಲ್ಲಿ ಸೇರಿತು. ಎರಡು ವರ್ಷ ಕಳೆದ ಮೇಲೆ, 1922ರಲ್ಲಿ, ಕ್ಯಾಡಿಲಾಕ್ ಎಂಬ ಕಾರು ಕಂಪನಿ ತನ್ನ ಎಲ್ಲ ಕಾರುಗಳಿಗೂ ವೈಪರ್ ಜೋಡಿಸತೊಡಗಿತು. ಬೇರೆ ಕಂಪನಿಗಳೂ ಹಾಗೆಯೇ ಮಾಡಿದವು. ಲಕ್ಷಾಂತರ ಕಾರುಗಳ ಗಾಜಿನ ಮೇಲೆ ವೈಪರ್ ಆಡತೊಡಗಿತು. ಆದರೆ ಮೇರಿಗೆ ಅದರಿಂದ ಹಣ ಬರಲಿಲ್ಲ.

ಮೇರಿಯ ನಂತರ

ವೈಪರ್ ಅಲ್ಲಿಗೇ ನಿಲ್ಲಲಿಲ್ಲ. ಕೈಯಿಂದ ಹಿಡಿ ತಿರುಗಿಸುತ್ತಿದ್ದರೆ ಚಾಲಕನ ಒಂದು ಕೈ ಅಲ್ಲಿಯೇ ಉಳಿಯುತ್ತದೆ. 1917ರಲ್ಲಿ ಶಾರ್ಲಟ್ ಬ್ರಿಜ್‌ವುಡ್ ಎಂಬ ಇನ್ನೊಬ್ಬ ಮಹಿಳೆ ವಿದ್ಯುತ್ತಿನಿಂದ ನಡೆಯುವ ಸಾಧನಕ್ಕೆ ಪೇಟೆಂಟ್ ಪಡೆದರು. ಅದರಲ್ಲಿ ಪಟ್ಟಿಯ ಬದಲು ಉರುಳೆಗಳಿದ್ದವು. 1964ರಲ್ಲಿ ರಾಬರ್ಟ್ ಕರ್ನ್ಸ್ ಎಂಬವರು ಬಿಟ್ಟು ಬಿಟ್ಟು ಒರೆಸುವ ವೈಪರಿನ ಪೇಟೆಂಟಿಗೆ ಅರ್ಜಿ ಹಾಕಿದರು. ನಮ್ಮ ಕಣ್ಣಿನ ರೆಪ್ಪೆ ಆಗಾಗ ಮುಚ್ಚಿ ತೆರೆಯುತ್ತದಲ್ಲವೇ? ಅದೇ ಅವರಿಗೆ ದಾರಿ ತೋರಿಸಿತು. ತುಂತುರು ಮಳೆಗೆ ಅಂತಹ ವೈಪರ್ ಅನುಕೂಲ.

ಈಗಿನ ಕಾರುಗಳಲ್ಲಿ ಗಾಜಿನ ಮೇಲೆ ನೀರು ಚಿಮ್ಮಿಸುವ ಕೊಳವೆಯೂ ಇರುತ್ತದೆ. ಅದೇಕೆ ಗೊತ್ತೇ? ಗಾಜಿನ ಮೇಲೆ ಬೀಳುವುದು ಮಳೆಯೊಂದೇ ಅಲ್ಲ. ಧೂಳು ಕೂರುತ್ತದೆ, ಕೀಟಗಳು ಬಡಿದು ಅಂಟುತ್ತವೆ, ಹಕ್ಕಿಯ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಒಣ ಗಾಜಿನ ಮೇಲೆ ವೈಪರ್ ಆಡಿಸಿದರೆ ಧೂಳಿನಲ್ಲಿರುವ ಮರಳಿನ ಕಣಗಳು ಗಾಜನ್ನು ಗೀರುತ್ತವೆ, ರಬ್ಬರೂ ಸವೆಯುತ್ತದೆ. ಆದ್ದರಿಂದ ಮೊದಲು ನೀರು, ಆಮೇಲೆ ಒರೆಸುವುದು. ಒಣಗಿ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆಯಬಾರದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಕಿಟ್ಟರೆ ಅದು ನೆನೆದು ತಾನಾಗಿ ಬಿಡುತ್ತದೆ. ಹಿಮ ಕಟ್ಟಿದ ಗಾಜಿಗೆ ಬಿಸಿನೀರು ಸುರಿಯಲೂಬಾರದು. ತಣ್ಣಗಿನ ಗಾಜು ಒಮ್ಮೆಲೇ ಬಿಸಿಯಾದರೆ ಒಡೆದುಹೋಗಬಹುದು.

ಕೊನೆಯ ದಿನಗಳು

ಮೇರಿ ತಮ್ಮ ಊರಿನಲ್ಲಿಯೇ ಇದ್ದುಕೊಂಡು ಫೇರ್‌ಮಾಂಟ್ ಕಟ್ಟಡವನ್ನು ಕೊನೆಯವರೆಗೂ ನೋಡಿಕೊಂಡರು. 1953ರ ಜೂನ್ 27ರಂದು ಟೆನೆಸಿ ರಾಜ್ಯದ ಮಾಂಟೀಗಲ್ ಎಂಬಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 87 ವರ್ಷ. ಅವರ ಸಮಾಧಿ ಬರ್ಮಿಂಗ್‌ಹ್ಯಾಮಿನಲ್ಲಿದೆ.

ಅಮೆರಿಕದಲ್ಲಿ ಹೊಸ ವಸ್ತುಗಳನ್ನು ಕಂಡುಹಿಡಿದವರ ಹೆಸರುಗಳನ್ನು ಸೇರಿಸುವ ಒಂದು ರಾಷ್ಟ್ರೀಯ ಗೌರವ ಪಟ್ಟಿಯಿದೆ. ಮೇರಿಯ ಹೆಸರು ಅದರಲ್ಲಿ ಸೇರಿದ್ದು 2011ರಲ್ಲಿ. ಪೇಟೆಂಟ್ ಸಿಕ್ಕಿ 108 ವರ್ಷಗಳಾದ ಮೇಲೆ!

ಮಕ್ಕಳೇ, ಮೇರಿ ಒಳ್ಳೆಯ ಕೆಲಸ ಮಾಡಿದರು, ಆದರೆ ಅವರಿಗೆ ಅದರ ಫಲ ಸಿಗಲಿಲ್ಲ ಎಂದು ನಿಮಗೆ ಬೇಸರವಾಗಬಹುದು. ಆ ಬೇಸರ ನ್ಯಾಯವಾದುದೇ. ಆದರೆ ಇನ್ನೊಂದು ಮಾತನ್ನೂ ನೆನಪಿಡಿ. ಬೇಡ ಎಂದವರ ಮಾತಿನಿಂದ ಮೇರಿಯ ಸಾಧನ ಕೆಟ್ಟದಾಗಲಿಲ್ಲ. ಅದು 1903ರಲ್ಲಿ ಎಷ್ಟು ಉಪಯುಕ್ತವಾಗಿತ್ತೋ 1905ರಲ್ಲಿಯೂ ಅಷ್ಟೇ ಉಪಯುಕ್ತವಾಗಿತ್ತು. ಅದರ ಬೆಲೆ ತಿಳಿಯಲು ಜನರಿಗೆ ಸಮಯ ಬೇಕಾಯಿತು, ಅಷ್ಟೆ.

ನಿಮ್ಮ ಸುತ್ತಲೂ ಇಂತಹ ಸಣ್ಣ ಸಣ್ಣ ಕಷ್ಟಗಳಿವೆ. ಅಜ್ಜಿಗೆ ಬಾವಿಯಿಂದ ನೀರು ಸೇದುವುದು ಕಷ್ಟವಾಗುತ್ತಿರಬಹುದು. ಶಾಲೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿರಬಹುದು. ಎಲ್ಲರೂ ಅದನ್ನು ದಿನವೂ ನೋಡುತ್ತಾರೆ, ಹಾಗೆಯೇ ಮುಂದೆ ಹೋಗುತ್ತಾರೆ. ನೀವು ಒಂದು ಗಳಿಗೆ ನಿಂತು ನೋಡಿ. ಇದನ್ನು ಸರಿಪಡಿಸುವುದು ಹೇಗೆ ಎಂದು ಯೋಚಿಸಿ. ಒಂದು ಹಾಳೆಯ ಮೇಲೆ ಚಿತ್ರ ಬರೆದು ನೋಡಿ. ಮೇರಿ ಆಂಡರ್ಸನ್ ಅವರೂ ಹೀಗೆಯೇ ಒಂದು ಚಿತ್ರದಿಂದ ಆರಂಭಿಸಿದವರು.

ಹೊಸ ಪದಗಳು

ಅದಿರು – ಲೋಹವಿರುವ ಮಣ್ಣು ಅಥವಾ ಕಲ್ಲು
ಆರೈಕೆ – ಉಪಚಾರ
ಹೆಪ್ಪುಗಟ್ಟು – ಗಟ್ಟಿಯಾಗು
ಒಗಟು – ಒಡಪು, ಸಮಸ್ಯೆ
ತಿರಸ್ಕರಿಸು – ಬೇಡವೆನ್ನು
ಹಿಕ್ಕೆ – ಹಕ್ಕಿಯ ಮಲ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮೇರಿ ಆಂಡರ್ಸನ್ ಎಲ್ಲಿ, ಯಾವಾಗ ಹುಟ್ಟಿದರು?
2. ಬರ್ಮಿಂಗ್‌ಹ್ಯಾಮಿನಲ್ಲಿ ಮೇರಿ ಕಟ್ಟಿಸಿದ ಕಟ್ಟಡದ ಹೆಸರೇನು?
3. ಮೇರಿಯ ಸಾಧನದಲ್ಲಿ ಸ್ಪ್ರಿಂಗಿನ ಕೆಲಸವೇನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಿಮ ಬೆರೆತ ಮಳೆಯಲ್ಲಿ ಟ್ರಾಮ್ ಚಾಲಕರಿಗೆ ಆಗುತ್ತಿದ್ದ ತೊಂದರೆ ಏನು?
2. ಮೇರಿಯ ಸಾಧನ ಆರಂಭದಲ್ಲಿ ಜನರಿಗೆ ಬೇಡವಾದುದಕ್ಕೆ ಕಾರಣಗಳೇನು?
3. ಒಣ ಗಾಜಿನ ಮೇಲೆ ವೈಪರ್ ಆಡಿಸಬಾರದು. ಏಕೆ?

ಇ) ಮಾಡಿ ನೋಡಿರಿ.
ಧೂಳು ಕೂತ ಒಂದು ಕಿಟಕಿಯ ಗಾಜಿನ ಅರ್ಧ ಭಾಗವನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿರಿ. ಉಳಿದ ಅರ್ಧವನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ಯಾವ ಭಾಗ ಹೆಚ್ಚು ಶುಭ್ರವಾಯಿತು? ನೋಡಿದ್ದನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.